ಮೂಗಿನ ಸಾಕ್ಷಿ

ನನ್ನ ಮೂಗಿಗೆ ಒಂದು ಬೆಲೆ ಇದೆಯೆಂದು ಅರವತ್ತೆರಡು ವರ್ಷ ನನಗೆ ಗೊತ್ತೇ ಇರಲಿಲ್ಲ. ಅಲ್ಲಿಯವರೆಗೆ ಅದರ ಬಗ್ಗೆ ಬಂದ ಅಭಿಪ್ರಾಯಗಳೆಲ್ಲ ಆಕಾರಕ್ಕೆ ಸಂಬಂಧಪಟ್ಟವು. ಹೆಣ್ಣು ನೋಡಲು ಬಂದವರೊಬ್ಬರು "ಮೂಗೊಂದು ಸ್ವಲ್ಪ..." ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದದ್ದೂ ಉಂಟು. ಅಂಥ ಮೂಗಿಗೆ ಸಿಂಗಪುರದಲ್ಲಿ ಒಂದು ದಿನ ಕೆಲಸ ಸಿಕ್ಕಿತು. ಎಂಥ ಕೆಲಸ ಅಂತೀರಿ? ಒಂದು ಮನೆಯ ತೀರಿಹೋದ ಹಿರಿಯರಿಗೆ ಬಡಿಸಬಹುದಾದದ್ದು ಯಾವುದು, ಬಡಿಸಬಾರದ್ದು ಯಾವುದು ಎಂದು ತೀರ್ಪು ಕೊಡುವ ಕೆಲಸ.

2023ರ ಮಾರ್ಚ್ ತಿಂಗಳಲ್ಲಿ ಮಗನ ಮನೆಗೆ ಹೋಗಿದ್ದೆ. ಸಿಂಗಪುರದ ಪೂರ್ವಕ್ಕೆ ಕಟೋಂಗ್, ಜೂ ಚಿಯಾಟ್ ಎಂಬ ಹಳೆಯ ಕೇರಿಗಳಿವೆ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಗೋಡೆಗೆ ಗುಲಾಬಿ, ತಿಳಿಹಸಿರು, ಹಳದಿ ಬಣ್ಣ, ಬಾಗಿಲ ಕೆಳಗೆ ಹೂಬಳ್ಳಿಯ ಟೈಲುಗಳು. ಮಗನ ಮನೆ ಅಲ್ಲಿಗೆ ಹತ್ತಿರದ್ದೇ, ಆದರೆ ಬಣ್ಣವಿಲ್ಲದ ಬಹುಮಹಡಿ ಕಟ್ಟಡದ ಒಂಬತ್ತನೆಯ ಅಂತಸ್ತಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಕೆಲಸಕ್ಕೆ, ಮೊಮ್ಮಗ ಶಾಲೆಗೆ ಹೊರಟರೆ ಸಂಜೆಯವರೆಗೆ ನಾನೂ ಒಂದು ಉದ್ದನೆಯ ಹಗಲೂ ಎದುರುಬದುರು ಕುಳಿತಿರುತ್ತಿದ್ದೆವು.

ಹಾಗೆ ಕುಳಿತಿದ್ದ ಮೂರನೆಯ ದಿನ ಪಕ್ಕದ ಮನೆಯಿಂದ ಕುಟ್ಟಾಣಿಯ ಸದ್ದು ಕೇಳಿಸಿತು. ಕುಂದಾಪುರದ ನಮ್ಮ ಮನೆಯಲ್ಲೇ ಮಿಕ್ಸಿ ಬಂದು ನಲವತ್ತು ವರ್ಷವಾಯಿತು. ಎಲ್ಲಕ್ಕೂ ಯಂತ್ರವಿರುವ ಈ ಊರಿನಲ್ಲಿ ಕಲ್ಲಿನ ಕುಟ್ಟಾಣಿ! ಸದ್ದು ಹಿಡಿದು ಹೋಗಿ ಅವರ ಕಬ್ಬಿಣದ ಜಾಲರಿ ಬಾಗಿಲ ಮುಂದೆ ನಿಂತೆ. ಒಳಗೆ ಒಬ್ಬರು ಮುದುಕಿ, ಹೂವಿನ ಚಿತ್ತಾರದ ಸರೊಂಗ್ ಉಟ್ಟು, ಗಿಡ್ಡ ಮಣೆಯ ಮೇಲೆ ಕುಳಿತು ಕೆಂಪು ಮೆಣಸಿನಕಾಯಿ ಜಜ್ಜುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಆಂಟಿ" ಎಂದರು. ಅವರಿಗೆ ಎಪ್ಪತ್ತೆಂಟು, ನನಗೆ ಅರವತ್ತೆರಡು. ಆ ಊರಿನಲ್ಲಿ ನರೆತ ತಲೆಯೆಲ್ಲ ಆಂಟಿಯೇ. ಅವರನ್ನು ನಾನು ಏನೆಂದು ಕರೆಯಲಿ ಎಂದು ಕೇಳಿದೆ. "ಬೀಬಿಕ್" ಎಂದರು. ಅವರ ಜನರಲ್ಲಿ ಹಿರಿಯ ಹೆಂಗಸನ್ನು ಕರೆಯುವ ಮಾತಂತೆ. ನಮ್ಮಿಬ್ಬರ ನಡುವಿನ ಭಾಷೆ ಇಂಗ್ಲಿಷು. ಅವರದು ಸಿಂಗಪುರದ ಇಂಗ್ಲಿಷು, ನನ್ನದು ಬ್ಯಾಂಕಿನ ಗುಮಾಸ್ತೆಯ ಇಂಗ್ಲಿಷು. ಎರಡರಲ್ಲೂ ವ್ಯಾಕರಣದ ತೊಂದರೆ ಹೆಚ್ಚು ಇಲ್ಲದ್ದರಿಂದ ಸ್ನೇಹ ಬೇಗ ಆಯಿತು.

ನೋಡಲು ಚೀನೀಯರಂತಿದ್ದ ಬೀಬಿಕ್‌ಗೆ ಚೀನೀ ಭಾಷೆ ಅಷ್ಟಕ್ಕಷ್ಟೆ. ಮನೆಯ ಮಾತು ಮಲಯ, ಅದರೊಳಗೆ ಅಲ್ಲಲ್ಲಿ ಹೊಕ್ಕಿಯನ್ ಚೀನೀ ಶಬ್ದಗಳು. ಅವರು ಪೆರನಾಕನ್ ಜನ. 'ಅನಕ್' ಎಂದರೆ ಮಲಯದಲ್ಲಿ ಮಗು. ಪೆರನಾಕನ್ ಎಂದರೆ ಈ ನೆಲದಲ್ಲಿ ಹುಟ್ಟಿದವರು. ಹಿಂದೆ ಚೀನಾದ ದಕ್ಷಿಣ ಕರಾವಳಿಯಿಂದ ಹಾಯಿಹಡಗಿನಲ್ಲಿ ಬಂದ ವ್ಯಾಪಾರಿಗಳು ಮಲಾಕಾ ಬಂದರಿನಲ್ಲಿ ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಕಾದವರಲ್ಲಿ ಕೆಲವರು ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಅಲ್ಲೇ ಉಳಿದರು. 1511ರಲ್ಲಿ ಪೋರ್ಚುಗೀಸರು, 1641ರಲ್ಲಿ ಡಚ್ಚರು, ಆಮೇಲೆ ಇಂಗ್ಲಿಷರು, ಹೀಗೆ ಮಲಾಕಾದ ದೊರೆಗಳು ಬದಲಾದರು. ಈ ಮನೆಗಳು ಮಾತ್ರ ಬೆಳೆಯುತ್ತ ಪಿನಾಂಗಿಗೂ ಸಿಂಗಪುರಕ್ಕೂ ಹಬ್ಬಿದವು. ಗಂಡಸರು ಬಾಬಾ, ಹೆಂಗಸರು ನ್ಯೋನ್ಯ. ನಮ್ಮ ಕಡೆಯವರೂ ಇದರಿಂದ ಹೊರತಲ್ಲ. ಮಲಾಕಾದಲ್ಲಿ ನೆಲೆಸಿದ ತಮಿಳು ವರ್ತಕರ ವಂಶದವರನ್ನು ಚಿಟ್ಟಿ ಪೆರನಾಕನ್ ಎನ್ನುತ್ತಾರೆ. ಉಡುವುದು ಸರೊಂಗ್, ಆಡುವುದು ಮಲಯ, ಕೈಮುಗಿಯುವುದು ವಿನಾಯಕನಿಗೆ. 1781ರಲ್ಲಿ ಕಟ್ಟಿದ ಅವರ ವಿನಾಯಕನ ಗುಡಿ ಈಗಲೂ ಮಲಾಕಾದಲ್ಲಿದೆ.

ಈ ಮದುವೆಗಳ ಕಥೆಯನ್ನು ಇತಿಹಾಸದ ಪುಸ್ತಕಕ್ಕಿಂತ ಬೀಬಿಕ್‌ರ ಅಡಿಗೆಮನೆಯಲ್ಲಿ ಓದುವುದು ಸುಲಭ. ಚೀನೀ ಮಾವನ ಮನೆಯ ಸೋಯಾ ಹುದುಗು, ಹಂದಿಮಾಂಸ, ಒಣ ಅಣಬೆ ಒಂದು ಕಡೆ. ಮಲಯ ಅತ್ತೆಯ ತವರಿನ ತೆಂಗಿನಹಾಲು, ಮಜ್ಜಿಗೆಹುಲ್ಲು, ಅರಿಸಿನ, ನಮ್ಮ ದುಂಪರಾಸ್ಮೆಯ ಜಾತಿಯ ಲೆಂಗ್ಕುವಾಸ್ ಬೇರು, ಸಿಗಡಿಯನ್ನು ಹುದುಗಿಸಿ ಒಣಗಿಸಿದ ಬೆಲಚಾನ್ ಇನ್ನೊಂದು ಕಡೆ. ಎರಡೂ ಒಂದೇ ಬಾಣಲೆಯಲ್ಲಿ ಸಂಸಾರ ಹೂಡಿವೆ. ಮಸಾಲೆಯನ್ನು ಅರೆದು ಮುದ್ದೆ ಮಾಡಿದ್ದಕ್ಕೆ 'ರೆಂಪಾ' ಎನ್ನುತ್ತಾರೆ. ಅದನ್ನು ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಬೇಕು. ಅವಸರ ಮಾಡಿದರೆ ಹಸಿ ವಾಸನೆ, ಮೈಮರೆತರೆ ಸೀದ ವಾಸನೆ. ಅರೆಯುವ ಚಪ್ಪಟೆ ಕಲ್ಲನ್ನು ತೋರಿಸಿದರು. ಗುಂಡುಕಲ್ಲು ಸಮೇತ ನಮ್ಮಜ್ಜಿಯ ಮನೆಯ ಅರೆಯುವ ಕಲ್ಲೇ. ಉಪ್ಪಿನಕಾಯಿಯಂಥದಕ್ಕೆ ಅಚಾರ್ ಎಂದೇ ಹೆಸರು. ರುಚಿಗೆ 'ರಸ' ಎಂದೇ ಹೆಸರು. ಇಷ್ಟಾದ ಮೇಲೆ ಪರದೇಶವೆಂದು ಅಳುಕಲು ಏನು ಉಳಿಯಿತು?

ಮುಂದಿನ ದಿನಗಳಲ್ಲಿ ಒಂದೊಂದೇ ತಿನಿಸು ಜಾಲರಿ ಬಾಗಿಲು ದಾಟಿ ನಮ್ಮ ಮನೆಗೆ ಬಂತು. ಅಕ್ಕಿಯ ಶಾವಿಗೆಗೆ ಸಿಗಡಿ, ತೆಂಗಿನಹಾಲಿನ ಕೆಂಪು ಸಾರು ಹೊಯ್ದ ಲಕ್ಸಾ. ಕಟೋಂಗ್ ಕಡೆ ಶಾವಿಗೆಯನ್ನು ತುಂಡು ಮಾಡಿ ಬರೀ ಚಮಚದಲ್ಲಿ ತಿನ್ನುತ್ತಾರೆ. ಪಿನಾಂಗಿನವರ ಲಕ್ಸಾಕ್ಕೆ ತೆಂಗಿನಹಾಲಿಲ್ಲ, ಬಂಗುಡೆಯ ಜಾತಿಯ ಮೀನು, ಹುಣಿಸೆಹುಳಿ. ಬೀಬಿಕ್ ಅದರ ಬಗ್ಗೆ, ಬಯಲುಸೀಮೆಯವರ ಮೀನುಸಾರಿನ ಬಗ್ಗೆ ನಮ್ಮೂರಿನವರು ಮಾತಾಡುವ ಧಾಟಿಯಲ್ಲಿ ಮಾತಾಡಿದರು. ಮೀನನ್ನು ಮಸಾಲೆಯೊಡನೆ ನುರಿದು ಬಾಳೆಲೆಯಲ್ಲಿ ಸುತ್ತಿ ಸುಡುವ ಓಟಕ್-ಓಟಕ್ ಬಂತು. ಕುಯೇ ಎಂಬ ಸಿಹಿತಿಂಡಿಗಳಂತೂ ಲೆಕ್ಕವಿಲ್ಲ. ಒಂಡೆ-ಒಂಡೆ ಎಂಬ ಹಸಿರು ಉಂಡೆಯನ್ನು ಬಾಯಿಗಿಟ್ಟರೆ ಒಳಗಿನ ತಾಳೆಬೆಲ್ಲ ಕರಗಿ ನಾಲಿಗೆಗೆ ಹರಿಯುತ್ತದೆ, ಹೊರಗೆ ತೆಂಗಿನತುರಿ. ಹಸಿರು ಬಣ್ಣ ಪಾಂಡನ್ ಎಲೆಯದು. ಅದು ನಮ್ಮ ಕೇದಗೆಯ ದಾಯಾದಿ. ಇನ್ನೊಂದು ತಿಂಡಿಯಲ್ಲಿ ಅನ್ನಕ್ಕೆ ನೀಲಿ ಬಣ್ಣ. ಯಾವ ಬಣ್ಣ ಹಾಕಿದ್ದೀರಿ ಎಂದು ಗಾಬರಿಯಿಂದ ಕೇಳಿದರೆ ಕಿಟಕಿಯ ಕುಂಡ ತೋರಿಸಿದರು. ಶಂಖಪುಷ್ಪ! ನಾವು ದೇವರ ತಲೆಯ ಮೇಲಿಟ್ಟು ಮರುದಿನ ಬಿಸಾಡುವ ಹೂವು.

ಯಾವುದಕ್ಕೆ ಎಷ್ಟು ಹಾಕಬೇಕೆಂದು ಕೇಳಿದರೆ ಮಾತ್ರ ಬೀಬಿಕ್‌ರ ಉತ್ತರ ಒಂದೇ: "ಅಗಾಕ್-ಅಗಾಕ್." ಹಾಗೆಂದರೆ ಅಂದಾಜು, ಕಣ್ಣಳತೆ, ಕೈಗೆ ತೋಚಿದಷ್ಟು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗದವಳು ನಾನು. ಈ ಮಾತು ಕೇಳಿ ನಗು ಬಂತು, ಜೊತೆಗೆ ಎದೆಯಲ್ಲಿ ಏನೋ ಚುಚ್ಚಿತು. ನನ್ನ ಅಮ್ಮನೂ ಇದೇ ಉತ್ತರ ಕೊಡುತ್ತಿದ್ದಳು. "ಉಪ್ಪು ಎಷ್ಟಮ್ಮ?" "ಅಂದಾಜ್ ಹಾಕ್."

ಈ ಅಂದಾಜಿನ ವಿದ್ಯೆ ಅವರಲ್ಲಿ ಹೇಗೆ ಬರುತ್ತಿತ್ತೆಂಬುದಕ್ಕೆ ಬೀಬಿಕ್ ಒಂದು ಕಥೆ ಹೇಳಿದರು. ಹಿಂದೆಲ್ಲ ಹೆಣ್ಣು ಕೇಳಲು ಹೋದ ಗಂಡಿನ ತಾಯಿ ಹುಡುಗಿಯ ಮುಖ ನೋಡುವ ಮೊದಲು ಹೊರಗೆ ನಿಂತು ಅವಳು ಕುಟ್ಟುವ ಸದ್ದನ್ನು ಕೇಳುತ್ತಿದ್ದಳಂತೆ. ಏಟು ಸಮನಾಗಿ, ಒಂದೇ ಲಯದಲ್ಲಿ ಬಿದ್ದರೆ ಕೈ ಪಳಗಿದೆ ಎಂದರ್ಥ. "ನನ್ನ ಅತ್ತೆ ಬಂದಾಗ ನನ್ನ ತಂಗಿ ಕುಟ್ಟುತ್ತಿದ್ದಳು. ಅತ್ತೆಗೆ ಅದು ಮದುವೆಯಾದ ಮೇಲೆ ಗೊತ್ತಾಯಿತು. ಸಾಯುವವರೆಗೂ ನೆನಪಿಟ್ಟುಕೊಂಡಿದ್ದರು" ಎಂದು ನಕ್ಕರು. ಮೂಗಿನ ಆಕಾರಕ್ಕಿಂತ ಇದು ವಾಸಿ ಎಂದು ನನಗೆ ಕಂಡಿತು. ಕಡೆಗೆ ಪರೀಕ್ಷೆಯಲ್ಲಿ ನಕಲು ಮಾಡುವ ಅವಕಾಶವಾದರೂ ಇದೆ.

ಹುಡುಗಿಯರು ಶಾಲೆಗೆ, ಕಚೇರಿಗೆ ಹೊರಟ ಮೇಲೆ ಈ ಸದ್ದು ನಿಲ್ಲುತ್ತ ಬಂತು. ಆಗಿನ ಪ್ರಧಾನಿ ಲೀ ಕ್ವಾನ್ ಯೂ ಅವರ ತಾಯಿ ಚುವಾ ಜಿಮ್ ನಿಯೋ ತಮಗೆ ಗೊತ್ತಿದ್ದ ನ್ಯೋನ್ಯ ಅಡಿಗೆಯನ್ನೆಲ್ಲ ಅಳತೆ ಸಮೇತ ಬರೆಸಿ 1974ರಲ್ಲಿ ಪುಸ್ತಕವಾಗಿ ತಂದರು. ಬೀಬಿಕ್‌ರ ಬಳಿ ಅದರ ಪ್ರತಿಯಿದೆ, ಅರಿಸಿನದ ಬೆರಳಚ್ಚುಗಳ ಸಮೇತ. ಈಗ ಪೆರನಾಕನ್ನರಿಗೆ ಬೇಕಾದಷ್ಟು ಮರ್ಯಾದೆ ಇದೆ. 2008ರಲ್ಲಿ ತೆರೆದ ಅವರದೇ ಮ್ಯೂಸಿಯಮ್ಮು ದುರಸ್ತಿಯೆಲ್ಲ ಮುಗಿದು ನಾನು ಹೋಗುವ ಮುಂಚಿನ ತಿಂಗಳಷ್ಟೇ ಮತ್ತೆ ಬಾಗಿಲು ತೆರೆದಿತ್ತು. 2024ರಲ್ಲಿ ಯುನೆಸ್ಕೋದವರು ಅವರ ಹೆಂಗಸರು ಉಡುವ ಕೆಬಾಯಾ ರವಿಕೆಗೂ ಗೌರವ ಕೊಟ್ಟರು. ಆ ಗೌರವದಲ್ಲಿ ಐದು ದೇಶಗಳಿಗೆ ಪಾಲು. ಕೆಬಾಯಾವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು. ಅಂದಾಜನ್ನು ಎಲ್ಲಿ ಇಡುವುದು?

ಏಪ್ರಿಲ್ ಮೊದಲ ವಾರ ಚೆಂಗ್ ಬೆಂಗ್ ಬರುತ್ತದೆ. ಸತ್ತ ಹಿರಿಯರ ಸಮಾಧಿ ಗುಡಿಸಿ, ಅವರಿಗೆ ಪ್ರಿಯವಾದದ್ದನ್ನು ಮಾಡಿ ಬಡಿಸುವ ಹಬ್ಬ. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟ ಹಾಗೆ. ಬೀಬಿಕ್‌ರ ಅತ್ತೆಗೂ ಗಂಡನಿಗೂ ಪ್ರಿಯವಾದದ್ದು ಅಯಾಮ್ ಬುವಾ ಕೆಲುವಾಕ್. ಅಯಾಮ್ ಎಂದರೆ ಕೋಳಿ. ಬುವಾ ಕೆಲುವಾಕ್ ಎಂಬುದು ಪಾಂಗಿ ಮರದ ಬೀಜ, ಸಣ್ಣ ಕಲ್ಲಿನಂತೆ ಬೂದು ಬಣ್ಣ, ತೆಂಗಿನ ಕರಟದಷ್ಟು ಗಟ್ಟಿ ಸಿಪ್ಪೆ. ನ್ಯೋನ್ಯ ಅಡಿಗೆಯ ಪಟ್ಟದರಾಣಿ ಇದೇ ಎನ್ನುತ್ತಾರೆ. ರಾಣಿಯ ಒಡಲಲ್ಲಿ ವಿಷ. ಹಸಿ ಬೀಜದಲ್ಲಿ ಸಯನೈಡ್ ಇರುತ್ತದೆ, ತಿಂದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಅದನ್ನು ಮೊದಲು ಬೇಯಿಸಿ, ಬೂದಿ, ಬಾಳೆಲೆ, ಮಣ್ಣಿನ ನಡುವೆ ನಲವತ್ತು ದಿನ ಹೂತಿಡುತ್ತಾರೆ. ಒಳಗಿನ ಬಿಳಿ ತಿರುಳು ಕಪ್ಪಾಗಿ ವಿಷ ಇಳಿದುಹೋಗುತ್ತದೆ. ಪೇಟೆಯಿಂದ ತಂದ ಮೇಲೂ ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಬ್ರಷ್ ಹಾಕಿ ಉಜ್ಜಬೇಕು. ಇದನ್ನು ಮೊದಲು ತಿಂದವನ ಗತಿ ಏನಾಯಿತೋ, ಅವನನ್ನು ಮಣ್ಣುಮಾಡಿ ಬಂದು "ಇನ್ನೊಂದು ರೀತಿ ಮಾಡಿ ನೋಡೋಣ" ಎಂದ ಮಹಾತಾಯಿ ಯಾರೋ ಎಂದು ನಾನು ಬೆರಗಾದೆ. ಆಮೇಲೆ ನೆನಪಾಯಿತು. ನಮ್ಮ ಕಳಲೆಯಲ್ಲಿರುವುದೂ ಅದೇ ಜಾತಿಯ ವಿಷವೇ. ಮಳೆಗಾಲದಲ್ಲಿ ಅಮ್ಮ ಎಳೆಬಿದಿರನ್ನು ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ, ಮೂಸಿ ನೋಡಿ, "ಇನ್ನೊಂದ್ ದಿನ ಇರ್ಲಿ" ಎನ್ನುತ್ತಿದ್ದಳು. ರಸಾಯನಶಾಸ್ತ್ರ ಅವಳ ಮೂಗಿನ ತುದಿಯಲ್ಲಿತ್ತು.

ಐದನೆಯ ದಿನ ಬೀಬಿಕ್ ನನ್ನನ್ನು ಕರೆದರು. ಬುಟ್ಟಿಯಲ್ಲಿ ಉಜ್ಜಿ ಒಣಗಿಸಿದ ಮೂವತ್ತು ಬೀಜಗಳಿದ್ದವು. ಪ್ರತಿಯೊಂದಕ್ಕೂ ಮೇಲ್ತುದಿಯಲ್ಲಿ ತೂತು ಕೊರೆದು, ತಿರುಳನ್ನು ಕೆದಕಿ ತೆಗೆದು, ಉಪ್ಪು, ಸಕ್ಕರೆ, ಕೊಚ್ಚಿದ ಸಿಗಡಿ ಸೇರಿಸಿ ಕುಟ್ಟಿ ಮತ್ತೆ ಅದೇ ಕರಟದೊಳಗೆ ತುಂಬಬೇಕು. ಆದರೆ ತುಂಬುವ ಮೊದಲು ಒಂದೊಂದನ್ನೂ ಮೂಸಬೇಕು. ಕೆಟ್ಟ ಬೀಜ ಒಂದೇ ಒಂದು ಸೇರಿದರೂ ಇಡೀ ಪಾತ್ರೆ ಹಾಳು.

ಬೀಬಿಕ್ ದನಿ ತಗ್ಗಿಸಿದರು. ಹಿಂದಿನ ವರ್ಷ ಕೊರೊನಾ ಬಂದು ಹೋದ ಮೇಲೆ ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಉಪ್ಪು, ಸಿಹಿ, ಹುಳಿ ನಾಲಿಗೆಗೆ ಗೊತ್ತಾಗುತ್ತಿತ್ತು. ಮೂಗು ಮಾತ್ರ ಗೋಡೆ. ಮಗಳಿಗೂ ಹೇಳಿರಲಿಲ್ಲ. ಇಷ್ಟು ದಿನ ನನಗೆ ಕೊಟ್ಟ ತಿಂಡಿಗಳನ್ನೆಲ್ಲ ಅವರು ಕಣ್ಣು, ಕಿವಿ, ಕೈಗಳಿಂದಲೇ ಮಾಡಿದ್ದರು! "ಮಗಳಿಗೆ ಹೇಳಿದರೆ ಹೋಟೆಲಿನಿಂದ ತರಿಸೋಣ ಅನ್ನುತ್ತಾಳೆ. ನನ್ನ ಅತ್ತೆ ಹೋಟೆಲಿನದು ಮುಟ್ಟುವುದಿಲ್ಲ" ಎಂದರು. ಅತ್ತೆ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಇನ್ನೊಂದು ಕಷ್ಟವಿತ್ತು. ಹಿರಿಯರಿಗೆ ಬಡಿಸುವ ಮೊದಲು ಅವರ ಮನೆಯಲ್ಲಿ ಯಾರೂ ರುಚಿ ನೋಡುವಂತಿಲ್ಲ. ನಮ್ಮ ಎಡೆಗೂ ಇದೇ ನಿಯಮ. ಹಾಗಾಗಿ ಉಳಿದ ದಾರಿ ಮೂಗೊಂದೇ.

"ನನಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಿಲ್ಲವಲ್ಲ" ಎಂದೆ. ಅವರು ಮೊದಲ ಬೀಜ ಒಡೆದು ನನ್ನ ಕೈಗೆ ಕೊಟ್ಟರು. ಮೂಸಿದೆ. "ಚೆನ್ನಾಗಿದೆ" ಎಂದೆ. ಬೇರೆಯವರ ಮನೆಯಲ್ಲಿ ಏನು ಕೊಟ್ಟರೂ ಹೇಳುವ ಮಾತದು. ಬಾಯಿಗೆ ತಾನಾಗಿ ಬಂತು.

ಬೀಬಿಕ್ ಬೀಜವನ್ನು ಕೆಳಗಿಟ್ಟರು. "ಚೆನ್ನಾಗಿದೆ ಅಂದರೆ? ಯಾವುದರ ಹಾಗಿದೆ? ಹೇಳಿ" ಎಂದರು.

ನನ್ನ ಕೈ ಅಲ್ಲೇ ನಿಂತಿತು. ಈ ಪರೀಕ್ಷೆಗೆ ನಾನು ಹಿಂದೆ ಒಮ್ಮೆ ಕುಳಿತಿದ್ದೆ, ನಪಾಸಾಗಿದ್ದೆ.

ತಮ್ಮನ ಮಗುವಿನ ನಾಮಕರಣದ ದಿನ. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಜ್ವರವೊಂದು ಬಂದು ಹೋದ ಮೇಲೆ ಅವಳ ನಾಲಿಗೆಗೆ ರುಚಿ ತಿಳಿಯುತ್ತಿರಲಿಲ್ಲ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಂಬತ್ತು ಎಲೆಯ ಊಟ. ಒಲೆಯ ಮುಂದಿನಿಂದ ಕೂಗಿದಳು: "ಹೆಣೆ, ಹುಳಿಗೆ ಉಪ್ಪ್ ಸಮ ಇತ್ತಾ ಕಾಣ್." ನಾನು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಬಂದೆ. ಸೌಟನ್ನು ಎತ್ತಿದೆ, ಬಿಸಿಯಿತ್ತು, ಮತ್ತೆ ಪಾತ್ರೆಗೇ ಬಿಟ್ಟೆ. "ಸಮ ಇತ್ತಮ್ಮ" ಎಂದೆ. ಅವಳು ಉಪ್ಪನ್ನು ಎರಡು ಸಲ ಹಾಕಿದ್ದಳು. ಎಲೆಯ ಮುಂದೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಪ್ಪ ಮೂರು ಲೋಟ ನೀರು ಕುಡಿದರು. ಅಮ್ಮ ಕೊನೆಯ ಪಂಕ್ತಿಯಲ್ಲಿ ಕುಳಿತು ಅದೇ ಹುಳಿಯನ್ನು ಕಲಸಿ ಉಂಡಳು, ಏನೂ ತಿಳಿಯದೆ. ಸಂಜೆ ಹಜಾರದಲ್ಲಿ ಯಾರೋ, "ಅವಳ ಕೈ ಹೋಯಿತು" ಎಂದದ್ದು ಅವಳ ಕಿವಿಗೆ ಬಿತ್ತು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ಏನೂ ಹೇಳಲಿಲ್ಲ. ಆಮೇಲೆ ಯಾವ ಶುಭಕಾರ್ಯದಲ್ಲೂ ಒಲೆಯ ಹತ್ತಿರ ಹೋಗಲಿಲ್ಲ. ಅವಳ ಕೈ ಹೋಗಿರಲಿಲ್ಲ. ಅವಳು ನನ್ನ ನಾಲಿಗೆಯನ್ನು ಒಂದು ಗಳಿಗೆ ಸಾಲ ಕೇಳಿದ್ದಳು. ಸಾಲ ಕೊಡುವುದೇ ಉದ್ಯೋಗವಾಗಿದ್ದ ನಾನು ಕೊಟ್ಟಿರಲಿಲ್ಲ.

ಬೀಜವನ್ನು ಮತ್ತೆ ಎತ್ತಿಕೊಂಡೆ. ಕಣ್ಣು ಮುಚ್ಚಿ ಮೂಸಿದೆ. "ಮೊದಲ ಮಳೆ ಬಿದ್ದ ತೋಟದ ಮಣ್ಣಿನ ಹಾಗಿದೆ. ಹಳೆಯ ಹುಣಿಸೆಯ ಹಾಗೆ. ತಳದಲ್ಲಿ ಉಳಿದ ಕಾಫಿ ಚರಟದ ಹಾಗೂ ಇದೆ" ಎಂದೆ. ಬೀಬಿಕ್‌ರ ಮುಖ ಅರಳಿತು. "ಮಣ್ಣು, ಕಾಫಿ. ಅದೇ, ಅದೇ! ಇಡಿ" ಎಂದರು. ಆ ವಾಸನೆ ಅವರ ಮೂಗಿಗೆ ಬರಲಿಲ್ಲ, ನನ್ನ ಮಾತಿನಿಂದ ಅವರ ನೆನಪಿಗೆ ಬಂತು. ಹೀಗೆ ಒಂದೊಂದೇ ಬೀಜ. ಏಳನೆಯದು ಪೆಟ್ಟಿಗೆಯಲ್ಲಿ ಮರೆತ ಒದ್ದೆ ಬಟ್ಟೆಯಂತೆ ಮುಗ್ಗಲು. "ಬಿಸಾಡಿ." ಹದಿನಾಲ್ಕನೆಯದು ಕಮಟು ಕೊಬ್ಬರಿ. ಕಮಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಬರಲಿಲ್ಲ. ಹಳೆಯ ತಲೆಗೆಣ್ಣೆ ಎಂದೆ. "ಬಿಸಾಡಿ." ಇಪ್ಪತ್ತೊಂದರ ಬಗ್ಗೆ ನನಗೆ ಸಂಶಯವಾಯಿತು. ಸಂಶಯವಿದೆ ಎಂದೇ ಹೇಳಿದೆ. "ಸಂಶಯವಿದ್ದರೆ ಬಿಸಾಡಿ. ಅತ್ತೆಗೆ ಸಂಶಯದ್ದು ಬಡಿಸಬಾರದು" ಎಂದರು. ಇಪ್ಪತ್ತೇಳು ಉಳಿದವು. ಎರಡು ಗಂಟೆ ಹಿಡಿಯಿತು. ಬ್ಯಾಂಕಿನ ತನಿಖೆಯ ದಿನವೂ ನಾನು ಅಷ್ಟು ದಣಿದಿರಲಿಲ್ಲ.

ಮರುದಿನ ಅವರ ಮಗಳು ರಜೆ ಹಾಕಿದ್ದಳು. ಸಣ್ಣ ತಕ್ಕಡಿ, ನೋಟುಪುಸ್ತಕ ಹಿಡಿದು ಅಮ್ಮನ ಕೈಯಿಂದ ಬೀಳುವುದನ್ನೆಲ್ಲ ತೂಗಿ ಬರೆದುಕೊಳ್ಳುತ್ತಿದ್ದಳು. ಬೀಬಿಕ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರೂ ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ಅವಳು ಕಡೇಪಕ್ಷ ಅಮ್ಮನ ಪಕ್ಕ ನಿಂತಿದ್ದಳು. ಸಣ್ಣ ಈರುಳ್ಳಿ, ಒಣಮೆಣಸು, ಬೆಲಚಾನ್ ಸೇರಿದ ರೆಂಪಾ ಬಾಡಿ ಎಣ್ಣೆ ಬಿಟ್ಟಿತು. ಬಾಡಿತೋ ಇಲ್ಲವೋ ಎಂಬುದನ್ನು ಬೀಬಿಕ್ ಕಿವಿಯಿಂದ ಹೇಳಿದರು, ಚರಚರ ಸದ್ದು ತಗ್ಗಿ ಗುಳುಗುಳು ಎನ್ನಬೇಕಂತೆ. ಕೋಳಿ, ಹುಣಿಸೆರಸ, ತುಂಬಿದ ಬೀಜಗಳು ಬಿದ್ದು ಪಾತ್ರೆ ಒಂದು ಗಂಟೆ ಕುದಿಯಿತು.

ಗೋಡೆಯ ಪಟಗಳ ಮುಂದೆ ಉದ್ದನೆಯ ಮೇಜು, ಹಳೆಯ ಪಿಂಗಾಣಿಯ ಬಟ್ಟಲುಗಳಲ್ಲಿ ಹನ್ನೆರಡು ಬಗೆ. ಊದುಕಡ್ಡಿ ಹಚ್ಚಿ ಕಾದರು. ಹಿರಿಯರ ಊಟ ಮುಗಿಯಿತೇ, ತೃಪ್ತಿಯಾಯಿತೇ ಎಂದು ತಿಳಿಯಲು ಎರಡು ನಾಣ್ಯ ಎಸೆಯುತ್ತಾರೆ. ಒಂದರ ಮುಖ ಮೇಲೆ, ಇನ್ನೊಂದರದು ಕೆಳಗೆ ಬಿದ್ದರೆ ಒಪ್ಪಿಗೆ. ನಮ್ಮಲ್ಲಿ ದೇವರ ಹೂವು ಬಲಕ್ಕೆ ಬಿದ್ದರೆ ಪ್ರಸಾದ ಆದಂತೆ. ಮೊದಲ ಸಲ ಎರಡೂ ಒಂದೇ ಮುಖ. ನನ್ನ ಎದೆ ಢವಢವ ಎಂದಿತು. ಬೀಬಿಕ್ ಮಾತ್ರ ನಿರಾಳವಾಗಿ, "ಇನ್ನೂ ಉಣ್ಣುತ್ತಿದ್ದಾರೆ. ಅತ್ತೆ ಯಾವಾಗಲೂ ನಿಧಾನ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಸೆದರು. ಒಂದು ಮೇಲೆ, ಒಂದು ಕೆಳಗೆ.

ಆಮೇಲೆ ನಮ್ಮ ಊಟ. ಚಿಕ್ಕ ಚಮಚದಿಂದ ಕರಟದೊಳಗಿನ ಕಪ್ಪು ತಿರುಳನ್ನು ತೆಗೆದು ಬಿಸಿ ಅನ್ನಕ್ಕೆ ಕಲಸಿ, ಕೈಯಲ್ಲೇ ಉಂಡೆವು. ಮೊದಲ ತುತ್ತಿಗೆ ಒಲಿಯುವ ರುಚಿಯಲ್ಲ ಅದು. ಕಹಿ, ಜಿಡ್ಡು, ಎಲ್ಲೋ ಆಳದಲ್ಲಿ ಕಾಡಿನ ನೆನಪು. ನಾಲ್ಕನೆಯ ತುತ್ತಿಗೆ ಅರ್ಥವಾಗತೊಡಗಿತು. ಬೀಬಿಕ್ ನನ್ನನ್ನೇ ನೋಡುತ್ತಿದ್ದರು. "ಹೇಗಿದೆ?"

ಒಂದು ಗಳಿಗೆ ಯೋಚಿಸಿದೆ. "ಬೀಜ ಒಂದೂ ಕೆಟ್ಟಿಲ್ಲ. ಆದರೆ ಸಾರಿಗೆ ಉಪ್ಪು ಸ್ವಲ್ಪ ಕಡಿಮೆ" ಎಂದೆ.

ಮಗಳು ನೋಟುಪುಸ್ತಕ ತೆಗೆದಳು. ಬೀಬಿಕ್ ಜೋರಾಗಿ ನಕ್ಕರು. "ನನ್ನ ನಾಲಿಗೆಗೂ ಹಾಗೇ ಅನ್ನಿಸಿತು. ಉಪ್ಪು ಹಾಕಿದವಳು ಇವಳು, ತೂಕ ಮಾಡಿ!" ಎಂದರು. ಆ ನಗುವಿನ ನಡುವೆ ಮೂಗಿನ ಗುಟ್ಟನ್ನೂ ಮಗಳಿಗೆ ಹೇಳಿಬಿಟ್ಟರು. ಹುಡುಗಿ ಪೆನ್ನು ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡಳು. ನಾನು ನನ್ನ ಅನ್ನವನ್ನು ನೋಡುತ್ತ ಕುಳಿತೆ.

ಊರಿಗೆ ಬರುವಾಗ ಬೀಬಿಕ್ ತೊಳೆದು ಒಣಗಿಸಿದ ಒಂದು ಖಾಲಿ ಕರಟ ಕೊಟ್ಟರು. ಅಡಿಗೆಮನೆಯ ಕಿಟಕಿಯಲ್ಲಿ, ಉಪ್ಪಿನ ಭರಣಿಯ ಪಕ್ಕ ಇಟ್ಟಿದ್ದೇನೆ. ಈಗ ಮನೆಯಲ್ಲಿ ಯಾರಾದರೂ "ಉಪ್ಪು ನೋಡು" ಎಂದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೋಗುತ್ತೇನೆ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಆರಿಸಿ, ನೆಕ್ಕಿ, ಕಣ್ಣು ಮುಚ್ಚಿ, ಮತ್ತೆ ನಾಲ್ಕು ಹನಿ ಹಾಕಿಕೊಂಡು ಆಮೇಲೆ ಹೇಳುತ್ತೇನೆ. ಇದು ಸ್ವಲ್ಪ ಅತಿಯಾಯಿತೆಂದು ಮನೆಯವರ ದೂರು. ಸಾರು ಆರುತ್ತದಂತೆ. ಆರಲಿ, ಮತ್ತೆ ಬಿಸಿ ಮಾಡಿದರಾಯಿತು.